ಮಾತ್ರೆಯ ಜೊತೆ ಮಾತೂ ಕೊಡುವ ಕೆಲಸ

ಮೆಥೊಟ್ರೆಕ್ಸೇಟ್ ಮಾತ್ರೆ ನೋಡಲು ಪುಟ್ಟದು, ಹಳದಿ ಬಣ್ಣದ್ದು. ರುಮಟಾಯ್ಡ್ ಸಂಧಿವಾತ, ಸೋರಿಯಾಸಿಸ್ ಇರುವವರಿಗೆ ಡಾಕ್ಟರು ಬರೆಯುತ್ತಾರೆ. ಇದನ್ನು ವಾರಕ್ಕೆ ಒಂದೇ ದಿನ ನುಂಗಬೇಕು. ನಮ್ಮ ಜನಕ್ಕೆ ಮಾತ್ರೆ ಎಂದರೆ ದಿನಾ ನುಂಗುವಂಥದ್ದು. ಬಿಪಿ, ಶುಗರ್, ಥೈರಾಯ್ಡ್ ಎಲ್ಲವೂ ಹಾಗೇ. ಅದೇ ರೂಢಿಯಲ್ಲಿ ಇದನ್ನೂ ದಿನಕ್ಕೊಂದರಂತೆ ನುಂಗಿದರೆ ಕೆಲವೇ ದಿನಗಳಲ್ಲಿ ಬಾಯಿ ತುಂಬ ಹುಣ್ಣಾಗುತ್ತದೆ, ಜ್ವರ ಬರುತ್ತದೆ, ಮೂಳೆಮಜ್ಜೆಯಲ್ಲಿ ರಕ್ತಕಣ ತಯಾರಾಗುವುದು ಕುಗ್ಗಿ ಪ್ರಾಣಕ್ಕೇ ಕುತ್ತು ಬರುತ್ತದೆ. ಸಾಲದ್ದಕ್ಕೆ, ಅಡ್ಡಪರಿಣಾಮ ತಗ್ಗಿಸಲೆಂದು ಇದರ ಜೊತೆ ಕೊಡುವ ಫೋಲಿಕ್ ಆ್ಯಸಿಡ್ ಮಾತ್ರೆಯೂ ಎಷ್ಟೋ ಬ್ರ್ಯಾಂಡ್‌ಗಳಲ್ಲಿ ಹಳದಿಯೇ.

ಈ ಎಡವಟ್ಟನ್ನು ತಡೆಯಬಲ್ಲವರಲ್ಲಿ ಕೊನೆಯವರು ಮೆಡಿಕಲ್ ಶಾಪಿನ ಕೌಂಟರ್ ಹಿಂದೆ ನಿಂತ ಫಾರ್ಮಸಿಸ್ಟ್. ಅವರು ಮಾಡಬೇಕಾದ್ದು ಇಷ್ಟೇ: "ಇದು ವಾರಕ್ಕೊಂದೇ ದಿನ ಅಂತ ಡಾಕ್ಟ್ರು ಹೇಳಿದಾರಾ ಅಮ್ಮ? ಯಾವ ವಾರ ತಗೋತೀರಿ?" ಎಂದು ಕೇಳಿ, ಆ ವಾರದ ಹೆಸರನ್ನು ಮಾರ್ಕರ್‌ನಲ್ಲಿ ಸ್ಟ್ರಿಪ್ ಮೇಲೆ ದಪ್ಪಗೆ ಬರೆಯುವುದು. ಫೋಲಿಕ್ ಆ್ಯಸಿಡ್ ಅನ್ನು ಬೇರೆ ಕವರಿಗೆ ಹಾಕುವುದು. ಬಾಯಲ್ಲಿ ಹುಣ್ಣಾದರೆ, ಜ್ವರ ಬಂದರೆ ಮುಂದಿನ ಡೋಸ್‌ಗೆ ಕಾಯದೆ ಡಾಕ್ಟರ ಬಳಿ ಹೋಗಿ ಅನ್ನುವುದು. ಎರಡು ನಿಮಿಷದ ಕೆಲಸ. ಜಗತ್ತಿನ ಫಾರ್ಮಸಿ ಕಾಲೇಜುಗಳಲ್ಲಿ ಈಗ 'ರೋಗಿ ಕೇಂದ್ರಿತ ಸೇವೆ' ಎಂದು ಪಾಠ ಮಾಡುವುದರ ತಿರುಳು ಈ ಎರಡು ನಿಮಿಷದಲ್ಲೇ ಇದೆ. ಅದಕ್ಕೆ ದುಡ್ಡು ಕೊಡುವವರು ಯಾರು ಎಂಬುದು ಮಾತ್ರ ನಮ್ಮಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಫಾರ್ಮಸಿಸ್ಟರ ಪಾತ್ರ ಹಿಗ್ಗದಿರುವುದಕ್ಕೆ ಓದಿನ ಕೊರತೆಗಿಂತ ಈ ಲೆಕ್ಕಾಚಾರವೇ ದೊಡ್ಡ ಕಾರಣ ಎಂಬುದು ನನ್ನ ಅಭಿಪ್ರಾಯ.

ಹಿಂದೆ ಕಂಪೌಂಡರ್ ಎನ್ನುವವರಿದ್ದರು. ಡಾಕ್ಟರ ಚೀಟಿ ನೋಡಿ ಮಿಕ್ಸ್ಚರ್ ಬೆರೆಸಿ, ಸೀಸೆಯ ಪಕ್ಕಕ್ಕೆ ಡೋಸಿನ ಗೆರೆ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ, ಪುಡಿಯನ್ನು ಪೊಟ್ಟಣ ಕಟ್ಟಿ ಕೊಡುತ್ತಿದ್ದರು. ಔಷಧವನ್ನು ತಯಾರಿಸುವುದೇ ಅವರ ವಿದ್ಯೆ. ಕಾರ್ಖಾನೆಯಿಂದ ಸೀಲಾದ ಸ್ಟ್ರಿಪ್, ಬಾಟಲಿ ಬರತೊಡಗಿದ ಮೇಲೆ ಆ ವಿದ್ಯೆಗೆ ಕೌಂಟರ್‌ನಲ್ಲಿ ಕೆಲಸವಿಲ್ಲದಾಯಿತು. ಉಳಿದದ್ದು ಸ್ಟಾಕ್ ನೋಡುವುದು, ಎಕ್ಸ್‌ಪೈರಿ ಲೆಕ್ಕ ಇಡುವುದು, ಚೀಟಿಯ ಹೆಸರನ್ನು ಓದಿ ಡ್ರಾಯರ್ ಎಳೆಯುವುದು. ರಸಾಯನಶಾಸ್ತ್ರ, ಔಷಧಶಾಸ್ತ್ರವೆಲ್ಲ ಓದಿದ ಮನುಷ್ಯ ಕತ್ತರಿ ಹಿಡಿದು ಸ್ಟ್ರಿಪ್ ಕತ್ತರಿಸುತ್ತ ನಿಂತ.

ಈ ವೃತ್ತಿಗೆ ಹೊಸ ದಿಕ್ಕು ತೋರಿದ್ದು 1990ರಲ್ಲಿ ಅಮೆರಿಕದ ಚಾರ್ಲ್ಸ್ ಹೆಪ್ಲರ್ ಮತ್ತು ಲಿಂಡಾ ಸ್ಟ್ರಾಂಡ್ ಬರೆದ ಒಂದು ಪ್ರಬಂಧ. ಮಾತ್ರೆ ಸರಿಯಾಗಿ ಕೈಸೇರಿತು ಎಂಬಲ್ಲಿಗೆ ಫಾರ್ಮಸಿಸ್ಟರ ಹೊಣೆ ಮುಗಿಯಬಾರದು, ಆ ಮಾತ್ರೆಯಿಂದ ರೋಗಿಗೆ ಗುಣವಾಯಿತೇ, ಬದುಕು ಹಸನಾಯಿತೇ ಎಂಬುದರ ತನಕ ಚಾಚಬೇಕು ಎಂಬುದು ಅದರ ಸಾರ. ಇದಕ್ಕೆ ಅವರು ಬಳಸಿದ ಹೆಸರು ಫಾರ್ಮಸ್ಯೂಟಿಕಲ್ ಕೇರ್. 1997ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 'ಸೆವೆನ್ ಸ್ಟಾರ್ ಫಾರ್ಮಸಿಸ್ಟ್' ಎಂದು ಏಳು ಗುಣಗಳ ಪಟ್ಟಿಯನ್ನೇ ಕೊಟ್ಟಿತು: ಆರೈಕೆ ಮಾಡುವವರು, ನಿರ್ಧಾರ ತೆಗೆದುಕೊಳ್ಳುವವರು, ಸಂವಹನ ಬಲ್ಲವರು, ಮುಂದಾಳು, ವ್ಯವಸ್ಥಾಪಕರು, ಬದುಕಿಡೀ ಕಲಿಯುವವರು, ಕಲಿಸುವವರು. ಪರೀಕ್ಷೆಗೆ ಬಾಯಿಪಾಠ ಮಾಡಲು ಹೇಳಿಮಾಡಿಸಿದ ಪಟ್ಟಿ. ವಿದ್ಯಾರ್ಥಿಗಳು ಅದನ್ನೇ ಮಾಡುತ್ತಾರೆ.

ಭಾರತದ ಕಾನೂನು ಏನನ್ನುತ್ತದೆ? ಚೀಟಿ ನೋಡಿ ಔಷಧ ಕೊಡುವ ಹಕ್ಕು ನೋಂದಾಯಿತ ಫಾರ್ಮಸಿಸ್ಟರಿಗೆ ಮಾತ್ರ ಎಂದು 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಹೇಳುತ್ತದೆ. ಆದರೆ ಕೊಡುವಾಗ ಏನು ಹೇಳಬೇಕು ಎಂಬುದು ಸ್ಪಷ್ಟವಾಗಿ ಬಂದದ್ದು 2015ರ ಫಾರ್ಮಸಿ ಪ್ರಾಕ್ಟೀಸ್ ರೆಗ್ಯುಲೇಷನ್ಸ್‌ನಲ್ಲಿ. ಔಷಧ ಯಾತಕ್ಕೆ, ಎಷ್ಟು, ಎಷ್ಟು ದಿನ, ಅಡ್ಡಪರಿಣಾಮ ಕಂಡರೆ ಏನು ಮಾಡಬೇಕು, ಹೇಗೆ ಎತ್ತಿಡಬೇಕು, ಬೇರೆ ಔಷಧದೊಂದಿಗೆ ಸೇರುತ್ತದೋ ಇಲ್ಲವೋ, ಒಂದು ಡೋಸ್ ತಪ್ಪಿದರೆ ಮುಂದೇನು: ಇಷ್ಟನ್ನೂ ತಿಳಿಸುವುದು ಫಾರ್ಮಸಿಸ್ಟರ ಕರ್ತವ್ಯವೆಂದು ಆ ನಿಯಮಗಳು ಬಿಡಿಸಿ ಹೇಳುತ್ತವೆ. 2021ರ ತಿದ್ದುಪಡಿಯಲ್ಲಿ ಆಸ್ಪತ್ರೆಯಲ್ಲಿ ರೋಗಿಗಳ ಔಷಧಗಳ ಮೇಲೆ ಕಣ್ಣಿಡುವ ಕ್ಲಿನಿಕಲ್ ಫಾರ್ಮಸಿಸ್ಟ್ ಎಂಬ ಹುದ್ದೆಯೂ ಸೇರಿತು. ಕಾಗದದ ಮೇಲೆ ನಾವು ಹಿಂದೆ ಬಿದ್ದಿಲ್ಲ. ಆದರೆ ನೀವು ಕೊನೆಯ ಸಲ ಮಾತ್ರೆ ತಂದಾಗ ಇವುಗಳಲ್ಲಿ ಎಷ್ಟನ್ನು ಕೇಳಿಸಿಕೊಂಡಿರಿ? "ಊಟ ಆದ್ಮೇಲೆ" ಎಂಬ ಎರಡು ಪದದಾಚೆಗೆ ಹೋಗಿದ್ದರೆ ನಿಮ್ಮ ಅದೃಷ್ಟ. ಕೊಟ್ಟವರು ಫಾರ್ಮಸಿಸ್ಟೇ ಹೌದೋ ಅಲ್ಲವೋ ಎಂಬುದೂ ಖಾತ್ರಿಯಿಲ್ಲ. ಗೋಡೆಗೆ ಫ್ರೇಮ್ ಹಾಕಿ ನೇತುಹಾಕಿದ ಸರ್ಟಿಫಿಕೇಟ್ ಒಬ್ಬರದು, ಕೌಂಟರ್‌ನಲ್ಲಿ ನಿಂತವರು ಇನ್ನೊಬ್ಬರು. ಸರ್ಟಿಫಿಕೇಟನ್ನು ಬಾಡಿಗೆಗೆ ಬಿಡುವ ದಂಧೆ ಈ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತಿರುವ ಗುಟ್ಟು.

ಆಸ್ಪತ್ರೆಯ ವಾರ್ಡ್‌ಗಳಲ್ಲಿ ಬದಲಾವಣೆ ಮೊದಲು ಕಾಣಿಸಿತು, ಅದರಲ್ಲೂ ನಮ್ಮ ಮೈಸೂರಿಗೆ ಹೆಚ್ಚಿನ ಪಾಲಿದೆ. 1990ರ ದಶಕದ ಕೊನೆಯಲ್ಲಿ ಮೈಸೂರು ಮತ್ತು ಊಟಿಯ ಜೆಎಸ್‌ಎಸ್ ಫಾರ್ಮಸಿ ಕಾಲೇಜುಗಳು ಆಸ್ಟ್ರೇಲಿಯಾದ ತಜ್ಞರ ಸಹಕಾರದೊಂದಿಗೆ ಫಾರ್ಮಸಿ ಪ್ರಾಕ್ಟೀಸ್‌ನಲ್ಲಿ ಎಂ.ಫಾರ್ಮ್ (ಸ್ನಾತಕೋತ್ತರ ಪದವಿ) ಆರಂಭಿಸಿದವು, ದೇಶದಲ್ಲಿ ಈ ದಾರಿ ತುಳಿದ ಮೊದಲಿಗರಲ್ಲಿ ಇವು ಸೇರುತ್ತವೆ. 2008ರಲ್ಲಿ ದೇಶದಾದ್ಯಂತ ಆರು ವರ್ಷದ ಫಾರ್ಮ್.ಡಿ ಕೋರ್ಸ್ ಬಂತು. ಐದು ವರ್ಷ ಓದು, ಒಂದು ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್.

ವಾರ್ಡ್‌ನಲ್ಲಿ ಈ ಕ್ಲಿನಿಕಲ್ ಫಾರ್ಮಸಿಸ್ಟರು ಮಾಡುವುದೇನು? ಡಾಕ್ಟರು ರೌಂಡ್ಸ್‌ಗೆ ಬರುವ ಮೊದಲೇ ಕೇಸ್ ಶೀಟ್ ಓದುತ್ತಾರೆ. ಮನೆಯಲ್ಲಿ ರೋಗಿ ನುಂಗುತ್ತಿದ್ದ ಮಾತ್ರೆಗಳ ಪಟ್ಟಿಗೂ ಆಸ್ಪತ್ರೆಯ ಚಾರ್ಟಿಗೂ ತಾಳೆ ಹಾಕುತ್ತಾರೆ. ಅಡ್ಮಿಟ್ ಆದ ಗಡಿಬಿಡಿಯಲ್ಲಿ ಥೈರಾಯ್ಡ್ ಮಾತ್ರೆಯೋ ಫಿಟ್ಸ್ ಮಾತ್ರೆಯೋ ಬಿಟ್ಟುಹೋಗಿರುವುದು ಸಿಗುವುದು ಇಲ್ಲೇ. ಕಿಡ್ನಿಯ ಕೆಲಸ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಏರಿದ್ದರೆ ಯಾವ ಔಷಧದ ಡೋಸ್ ಇಳಿಸಬೇಕು ಎಂದು ಲೆಕ್ಕ ಹಾಕುತ್ತಾರೆ. ಮೂಗಿನಿಂದ ಹೊಟ್ಟೆಗೆ ಇಳಿಯುವ ರೈಲ್ಸ್ ಟ್ಯೂಬ್ ಹಾಕಿದ ರೋಗಿಗೆ ಎಲ್ಲ ಮಾತ್ರೆಗಳನ್ನೂ ಕುಟ್ಟಿ ಪುಡಿಮಾಡಿ ನೀರಲ್ಲಿ ಕದಡಿ ಬಿಡುವುದು ನಮ್ಮ ಆಸ್ಪತ್ರೆಗಳಲ್ಲಿ ಮಾಮೂಲು. ಅದರಲ್ಲಿ ನಿಧಾನವಾಗಿ ಕರಗುವಂತೆ ಮಾಡಿದ 'ಎಸ್‌ಆರ್' ಅಥವಾ 'ಎಕ್ಸ್‌ಆರ್' ಮಾತ್ರೆ ಸೇರಿದ್ದರೆ ಇಡೀ ದಿನಕ್ಕೆ ಹಂಚಿಹೋಗಬೇಕಾದ ಔಷಧ ಒಂದೇ ಸಲಕ್ಕೆ ರಕ್ತಕ್ಕೆ ಇಳಿದುಬಿಡುತ್ತದೆ. ನರ್ಸ್‌ಗೆ ಪುರುಸೊತ್ತಿಲ್ಲ, ಡಾಕ್ಟರ ತಲೆಯಲ್ಲಿ ರೋಗದ ಚಿಂತೆ. ಇದನ್ನು ಗಮನಿಸಲೆಂದೇ ಒಬ್ಬರು ಬೇಕು.

ಊರಿನ ಮೆಡಿಕಲ್ ಶಾಪಿನಲ್ಲಿ ಇದೇ ಕೆಲಸದ ರೂಪ ಬೇರೆ. ಅಲ್ಲಿ ಕೇಸ್ ಶೀಟ್ ಇಲ್ಲ, ಲ್ಯಾಬ್ ರಿಪೋರ್ಟ್ ಇಲ್ಲ. ಇರುವುದು ಪ್ಲಾಸ್ಟಿಕ್ ಚೀಲ. ವಯಸ್ಸಾದವರು ಹಳೆಯ ಸ್ಟ್ರಿಪ್‌ಗಳನ್ನೆಲ್ಲ ಒಂದು ಚೀಲದಲ್ಲಿ ಕಟ್ಟಿಕೊಂಡು ಬಂದು "ಇದೇ ಕೊಡಪ್ಪಾ" ಎಂದು ಸುರಿಯುತ್ತಾರಲ್ಲ, ಬಲ್ಲ ಫಾರ್ಮಸಿಸ್ಟರಿಗೆ ಅದಕ್ಕಿಂತ ಒಳ್ಳೆಯ ದಾಖಲೆ ಇನ್ನೊಂದಿಲ್ಲ. ಒಬ್ಬ ಅಜ್ಜಿಯ ಅಂಥ ಒಂದು ಚೀಲವನ್ನು ಬಿಚ್ಚಿ ನೋಡೋಣ. ಎರಡು ಬೇರೆ ಬೇರೆ ಬ್ರ್ಯಾಂಡಿನ ಬಿಪಿ ಮಾತ್ರೆಗಳಿವೆ. ಒಂದನ್ನು ಊರಿನ ಡಾಕ್ಟರು ಬರೆದದ್ದು, ಇನ್ನೊಂದನ್ನು ಮಗನ ಮನೆಗೆ ಹೋಗಿದ್ದಾಗ ಬೆಂಗಳೂರಿನ ಡಾಕ್ಟರು ಬರೆದದ್ದು. ಹೆಸರು ಬೇರೆ, ಒಳಗಿನ ಔಷಧ ಒಂದೇ: ಅಮ್ಲೋಡಿಪಿನ್. ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆಯ ಸ್ಟ್ರಿಪ್ ಒಂದು, ಇತ್ತೀಚೆಗೆ ಶುರುವಾದದ್ದು.

"ಅಜ್ಜಿ, ಕಾಲು ಊದಿಕೊಳ್ತಿತ್ತಾ?"

"ಹೂಂ ಕಣಪ್ಪಾ, ಅದಕ್ಕೇ ಈ ಮಾತ್ರೆ ಕೊಟ್ಟಿದ್ದು. ರಾತ್ರಿಯೆಲ್ಲ ಎದ್ದೆದ್ದು ಹೋಗಿ ಸಾಕಾಗೋಯ್ತು."

ಅಮ್ಲೋಡಿಪಿನ್‌ನಿಂದ ಕಾಲಿನ ಗಿಣ್ಣಿನ ಹತ್ತಿರ ಊತ ಬರುವುದುಂಟು. ಡೋಸ್ ಹೆಚ್ಚಿದಷ್ಟೂ ಹೆಚ್ಚು. ಆ ಊತವನ್ನು ಹೊಸ ರೋಗವೆಂದುಕೊಂಡು ಇನ್ನೊಂದು ಮಾತ್ರೆ ಸೇರಿಸಿದರೆ ಅದಕ್ಕೂ ಒಂದು ಅಡ್ಡಪರಿಣಾಮ, ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ತಲೆ ಸುತ್ತಿ ಬಿದ್ದರೆ ಮೂಳೆ ಡಾಕ್ಟರು. ಹೀಗೆ ಒಂದು ಮಾತ್ರೆಯ ಪರಿಣಾಮಕ್ಕೆ ಇನ್ನೊಂದು ಮಾತ್ರೆ ಬೆನ್ನುಹತ್ತುತ್ತ ಹೋಗುವುದು ವಯಸ್ಸಾದವರಲ್ಲಿ ತೀರಾ ಸಾಮಾನ್ಯ.

ಇಲ್ಲಿ ಫಾರ್ಮಸಿಸ್ಟ್ ಏನು ಮಾಡಬಹುದು, ಏನು ಮಾಡಕೂಡದು? ತಾವಾಗಿ ಮಾತ್ರೆ ನಿಲ್ಲಿಸುವಂತಿಲ್ಲ. ಚೀಟಿಯಲ್ಲಿದ್ದ ಬ್ರ್ಯಾಂಡಿನ ಬದಲು, ಒಳಗಿನ ಔಷಧ ಅದೇ ಆಗಿದ್ದರೂ, ಬೇರೆಯದನ್ನು ಕೊಡುವುದಕ್ಕೂ ಶೆಡ್ಯೂಲ್ ಎಚ್ (ಚೀಟಿಯಿದ್ದರೆ ಮಾತ್ರ ಮಾರಬೇಕಾದ) ಔಷಧಗಳ ವಿಷಯದಲ್ಲಿ ನಮ್ಮ ಔಷಧ ನಿಯಮಗಳು ಅವಕಾಶ ಕೊಡುವುದಿಲ್ಲ. ಮಾಡಬಹುದಾದ್ದು ಡಾಕ್ಟರಿಗೆ ಫೋನ್. ಆ ಫೋನಿನಲ್ಲೇ ವೃತ್ತಿಯ ಜಾಣ್ಮೆಯೆಲ್ಲ ಇದೆ. "ಸಾರ್, ಎರಡು ಸಲ ಬರೆದುಬಿಟ್ಟಿದೆ" ಎಂದರೆ ಆ ಕಡೆ ಫೋನ್ ಇಟ್ಟಂತೆಯೇ. "ಸಾರ್, ಅಜ್ಜಿ ಬೆಂಗಳೂರಿನಲ್ಲಿ ತೋರಿಸಿಕೊಂಡ ಚೀಟಿಯಲ್ಲೂ ಅಮ್ಲೋಡಿಪಿನ್ ಇದೆ, ಎರಡನ್ನೂ ತಗೋತಿದ್ದಾರೆ, ಕಾಲು ಊದಿದೆ ಅಂತಾರೆ, ಏನು ಮಾಡ್ಲಿ ಹೇಳಿ" ಎಂದರೆ ಬಹುಪಾಲು ಡಾಕ್ಟರು ಕೇಳಿಸಿಕೊಳ್ಳುತ್ತಾರೆ. ಕೆಲವರು ಕೇಳುವುದಿಲ್ಲ. 'ಅಂಗಡಿಯವನು ನನಗೆ ಹೇಳಿಕೊಡುತ್ತಾನೆಯೇ' ಎಂಬ ಬಿಗುಮಾನ ಇನ್ನೂ ಇದೆ. ಅದನ್ನು ಪೂರ್ತಿ ತಪ್ಪೆನ್ನಲೂ ಆಗುವುದಿಲ್ಲ, ಯಾಕೆಂದರೆ ಫೋನ್ ಮಾಡಿದವರು ನಿಜಕ್ಕೂ ಫಾರ್ಮಸಿಸ್ಟೇ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಬಾಡಿಗೆ ಸರ್ಟಿಫಿಕೇಟ್ ಕೊಟ್ಟವರು ತಮ್ಮ ವೃತ್ತಿಗೇ ಮಾಡಿದ ಅನ್ಯಾಯ ಅದು.

ಈಗ ದುಡ್ಡಿನ ವಿಷಯ. ಸರ್ಕಾರ ಬೆಲೆ ನಿಗದಿ ಮಾಡಿರುವ ಅಗತ್ಯ ಔಷಧಗಳ ಮೇಲೆ ಚಿಲ್ಲರೆ ಅಂಗಡಿಗೆ ಶೇ 16ರಷ್ಟು ಮಾರ್ಜಿನ್ ಎಂದು 2013ರ ಔಷಧ ಬೆಲೆ ನಿಯಂತ್ರಣ ಆದೇಶ ಹೇಳುತ್ತದೆ. ತೆರಿಗೆ ಬಿಟ್ಟು 20 ರೂಪಾಯಿಯ ಸ್ಟ್ರಿಪ್ ಮಾರಿದರೆ ಅಂಗಡಿಗೆ ಉಳಿಯುವುದು ಮೂರು ರೂಪಾಯಿಗೂ ಕಡಿಮೆ. ಬಾಡಿಗೆ, ಕರೆಂಟು, ಫ್ರಿಜ್, ಸಂಬಳ ಎಲ್ಲ ಅದರಲ್ಲೇ. ಎದುರಿನ ಅಂಗಡಿಯವರು ಡಿಸ್ಕೌಂಟ್ ಬೋರ್ಡ್ ಹಾಕಿದ್ದರೆ, ಮೊಬೈಲ್ ಆ್ಯಪ್ ಇನ್ನೂ ಅಗ್ಗಕ್ಕೆ ಮನೆಗೇ ತಲುಪಿಸುತ್ತಿದ್ದರೆ ಅದರಲ್ಲೂ ಕಡಿತ. ಅಜ್ಜಿಯ ಚೀಲ ಬಿಚ್ಚಿ ಕಾಲು ಗಂಟೆ ಮಾತಾಡಿ, ಡಾಕ್ಟರಿಗೆ ಫೋನ್ ಹಚ್ಚಿ, ಕೊನೆಗೆ ಎರಡು ಮಾತ್ರೆ ಕಡಿಮೆಯಾಯಿತೆನ್ನಿ. ಅಜ್ಜಿಗೆ ಲಾಭ, ಅಂಗಡಿಗೆ ನಷ್ಟ. ಮಾರಿದರೆ ಮಾತ್ರ ದುಡಿಮೆ ಎಂಬ ವ್ಯವಸ್ಥೆಯಲ್ಲಿ 'ಇದು ನಿಮಗೆ ಬೇಡ' ಎನ್ನುವ ಸಲಹೆ ಕೈಯಿಂದ ಕಳೆದುಕೊಂಡು ಕೊಡುವ ಸಲಹೆ.

ಈ ವ್ಯವಸ್ಥೆಯ ಇನ್ನೊಂದು ಮುಖ ತೊಡೆಸಂದಿನ ಹುಳುಕಡ್ಡಿಗೆ ಚೀಟಿಯಿಲ್ಲದೆ ಮಾರಾಟವಾಗುವ ಕ್ರೀಮ್‌ಗಳು. ಫಂಗಸ್ ಔಷಧ, ಆ್ಯಂಟಿಬಯೋಟಿಕ್, ಜೋರಾದ ಸ್ಟೀರಾಯ್ಡ್ ಮೂರನ್ನೂ ಕಲಸಿದ ಟ್ಯೂಬು. ಸ್ಟೀರಾಯ್ಡ್‌ನಿಂದ ತುರಿಕೆ ಎರಡೇ ದಿನಕ್ಕೆ ಇಳಿಯುತ್ತದೆ, ಗಿರಾಕಿ ಖುಷಿ. ಒಳಗೆ ಫಂಗಸ್ ಹಬ್ಬುತ್ತಲೇ ಹೋಗುತ್ತದೆ, ಚರ್ಮ ತೆಳ್ಳಗಾಗಿ ಸೀಳುಬಿಡುತ್ತದೆ. ಇಂಥ ಸ್ಟೀರಾಯ್ಡ್‌ಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲಿ ನಿಯಮ ಬಿಗಿ ಮಾಡಿದರೂ ಹಳ್ಳಿ ಪೇಟೆಗಳಲ್ಲಿ "ಆ ಕ್ರೀಮ್ ಕೊಡಿ" ಎಂದರೆ ಸಿಗುತ್ತದೆ. ಫಾರ್ಮಸಿಸ್ಟರಿಗೆ ಇನ್ನಷ್ಟು ಅಧಿಕಾರ ಕೊಡಿ ಎಂದಾಗ ಚರ್ಮರೋಗ ತಜ್ಞರು ಹುಬ್ಬೇರಿಸುವುದು ಸುಮ್ಮನೆ ಅಲ್ಲ.

ಸಲಹೆಗೆ ಬೇರೆಯದೇ ಸಂಭಾವನೆ ಗೊತ್ತುಮಾಡಿದ ಕಡೆ ಏನಾಗಿದೆ ಎಂಬುದನ್ನು ನೋಡಬೇಕು. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಆ್ಯಶ್‌ವಿಲ್ ಎಂಬ ಊರಿದೆ. ಅಲ್ಲಿನ ನಗರಾಡಳಿತ ತನ್ನ ನೌಕರರ ವೈದ್ಯಕೀಯ ವೆಚ್ಚವನ್ನು ತಾನೇ ಭರಿಸುತ್ತಿತ್ತು. 1990ರ ದಶಕದ ನಡುವೆ ಅದು ಒಂದು ಪ್ರಯೋಗಕ್ಕೆ ಕೈಹಾಕಿತು. ಸಕ್ಕರೆ ಕಾಯಿಲೆಯಿರುವ ನೌಕರರು ತರಬೇತಿ ಪಡೆದ ಊರಿನ ಫಾರ್ಮಸಿಸ್ಟರನ್ನು ನಿಯಮಿತವಾಗಿ ಕಾಣಬೇಕು; ಕಂಡರೆ ಅವರ ಔಷಧಕ್ಕೆ ಕೈಯಿಂದ ಕೊಡಬೇಕಾದ ಪಾಲು ಮಾಫಿ. ಫಾರ್ಮಸಿಸ್ಟರ ಸಮಯಕ್ಕೆ ನೌಕರಿ ಕೊಟ್ಟವರೇ ಶುಲ್ಕ ತೆರುತ್ತಿದ್ದರು. ಸಕ್ಕರೆ ಹತೋಟಿಗೆ ಬಂತು, ಅನಾರೋಗ್ಯದ ರಜೆ ಇಳಿಯಿತು. ಔಷಧದ ಖರ್ಚು ಏರಿದರೂ ಆಸ್ಪತ್ರೆಯ ಖರ್ಚು ಅದಕ್ಕಿಂತ ಹೆಚ್ಚು ತಗ್ಗಿ, ಒಟ್ಟು ವೈದ್ಯಕೀಯ ವೆಚ್ಚ ತಲಾ ವರ್ಷಕ್ಕೆ 1,200ರಿಂದ 1,872 ಡಾಲರ್‌ನಷ್ಟು ಕಡಿಮೆಯಾಯಿತೆಂದು 2003ರಲ್ಲಿ ವರದಿಯಾಯಿತು. ಅದು ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎಂದು ಹೋಲಿಸಿದ ಅಧ್ಯಯನ, ಹಾಗಾಗಿ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಕಿಲ್ಲ. ಆದರೆ ಯಾರಿಗೆ ಉಳಿತಾಯವೋ ಅವರೇ ದುಡ್ಡು ಕೊಡಬೇಕು ಎಂಬ ಸರಳ ತರ್ಕ ಅಲ್ಲಿ ಕೆಲಸ ಮಾಡಿತು.

ಆಸ್ಟ್ರೇಲಿಯಾ 2001ರಿಂದ ಫಾರ್ಮಸಿಸ್ಟರು ರೋಗಿಯ ಮನೆಗೇ ಹೋಗಿ ಔಷಧಗಳನ್ನು ಪರಿಶೀಲಿಸುವುದಕ್ಕೆ ಸರ್ಕಾರದ ದುಡ್ಡು ಕೊಡುತ್ತಿದೆ. ಇಂಗ್ಲೆಂಡ್ ಇನ್ನೂ ಮುಂದೆ ಹೋಯಿತು. 2024ರ ಜನವರಿ 31ರಿಂದ 'ಫಾರ್ಮಸಿ ಫಸ್ಟ್' ಯೋಜನೆಯಡಿ ಗಂಟಲು ನೋವು, ಸೈನಸ್, ಮಕ್ಕಳ ಕಿವಿನೋವು, ಸರ್ಪಸುತ್ತು, ಕೀವಾದ ಕೀಟದ ಕಡಿತ, ಇಂಪೆಟಿಗೊ ಎಂಬ ಚರ್ಮದ ಸೋಂಕು, ಹೆಂಗಸರ ಸರಳ ಉರಿಮೂತ್ರ, ಈ ಏಳಕ್ಕೆ ಅಲ್ಲಿನ ಫಾರ್ಮಸಿಸ್ಟರೇ ನೋಡಿ, ಬೇಕಿದ್ದರೆ ಆ್ಯಂಟಿಬಯೋಟಿಕ್ ಸಹಿತ ಔಷಧ ಕೊಡಬಹುದು. ಗಮನಿಸಬೇಕಾದ್ದು, ಆರಂಭದಲ್ಲಿ ನಿಗದಿಯಾದ 15 ಪೌಂಡ್ ಶುಲ್ಕ ಸಮಾಲೋಚನೆಗೆ. ರೋಗಲಕ್ಷಣ ಯೋಜನೆಯ ಮಾನದಂಡಕ್ಕೆ ಹೊಂದಿದ್ದರೆ, ಔಷಧ ಕೊಡದೆ 'ಉಪ್ಪುನೀರು ಮುಕ್ಕಳಿಸಿ, ತಾನಾಗಿ ಹೋಗುತ್ತದೆ' ಎಂದು ಕಳಿಸಿದರೂ ಅದು ಸಲ್ಲುತ್ತದೆ. ಇದನ್ನು ಹಾಗೇ ತಂದು ನಮ್ಮಲ್ಲಿ ನೆಡಿ ಎಂದು ನಾನು ಹೇಳುವುದಿಲ್ಲ. ಚೀಟಿಯಿಲ್ಲದೆ ಆ್ಯಂಟಿಬಯೋಟಿಕ್ ಹರಿದಾಡುವ ನಾಡಿನಲ್ಲಿ ಅದು ಬೆಂಕಿಗೆ ತುಪ್ಪ. ನಮಗೆ ಮೊದಲು ಬೇಕಿರುವುದು ಔಷಧ ಬರೆಯುವ ಅಧಿಕಾರವಲ್ಲ, ವಿವರಿಸಿ ಹೇಳುವುದಕ್ಕೆ ಸಂಬಳ.

ವಿವರಿಸುವುದೂ ಕಲಿಯಬೇಕಾದ ವಿದ್ಯೆಯೇ. ಅಮೆರಿಕದ ಮೂಲನಿವಾಸಿಗಳ ಆರೋಗ್ಯ ಸೇವೆಯ ಫಾರ್ಮಸಿಸ್ಟರು ರೂಪಿಸಿದ ಮೂರು ಪ್ರಶ್ನೆಗಳ ಕ್ರಮವೊಂದಿದೆ: ಈ ಔಷಧ ಯಾತಕ್ಕೆ ಅಂತ ಡಾಕ್ಟ್ರು ಹೇಳಿದ್ರು? ಹೇಗೆ ತಗೋಬೇಕು ಅಂದ್ರು? ತಗೊಂಡ್ರೆ ಏನಾಗುತ್ತೆ ಅಂದ್ರು? ಭಾಷಣ ಬಿಗಿಯುವ ಮೊದಲು ರೋಗಿಯ ಬಾಯಿಂದ ಕೇಳುವುದು, ಗೊತ್ತಿಲ್ಲದ್ದನ್ನಷ್ಟೇ ತುಂಬುವುದು. ಕೊನೆಗೆ "ಅರ್ಥ ಆಯ್ತಾ?" ಎಂದು ಕೇಳಿದರೆ ನಮ್ಮವರು ಮರ್ಯಾದೆಗೆ ತಲೆಯಾಡಿಸುತ್ತಾರೆ. "ಮನೇಲಿ ಸೊಸೆಗೆ ಹೇಗೆ ಹೇಳ್ತೀರಿ, ನಂಗೊಂದ್ಸಲ ಹೇಳಿ" ಎಂದರೆ ನಿಜ ಹೊರಬರುತ್ತದೆ.

ಇನ್‌ಹೇಲರ್‌ನಲ್ಲಂತೂ ಮಾತೂ ಸಾಲದು, ಮಾಡಿ ತೋರಿಸಬೇಕು. ಒತ್ತಿದರೆ ಗಾಳಿಯಲ್ಲಿ ಚಿಮ್ಮುವ ಪಂಪನ್ನು ಮೊದಲು ಕುಲುಕಿ, ಉಸಿರು ಪೂರ್ತಿ ಬಿಟ್ಟು, ನಿಧಾನವಾಗಿ ಎಳೆಯುತ್ತ ಒತ್ತಿ, ಹತ್ತು ಸೆಕೆಂಡ್ ಉಸಿರು ಹಿಡಿಯಬೇಕು. ಪುಡಿಯ ಕ್ಯಾಪ್ಸೂಲ್ ಹಾಕುವ ಯಂತ್ರದಲ್ಲಿ ಇದಕ್ಕೆ ವಿರುದ್ಧ, ಜೋರಾಗಿ ರಭಸದಿಂದ ಎಳೆಯಬೇಕು. ಎರಡನ್ನೂ ಅದಲುಬದಲು ಮಾಡಿಕೊಂಡವರ ಔಷಧ ಗಂಟಲಲ್ಲೇ ಉಳಿಯುತ್ತದೆ. ಎಳೆಯಬೇಕಾದ ಕ್ಯಾಪ್ಸೂಲನ್ನು ನೀರು ಕುಡಿದು ನುಂಗಿದವರೂ ಇದ್ದಾರೆ. ಸ್ಟೀರಾಯ್ಡ್ ಇನ್‌ಹೇಲರ್ ಆದರೆ ಆಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ನಾಲಿಗೆಯ ಮೇಲೆ ಬಿಳಿ ಫಂಗಸ್. ಇಷ್ಟನ್ನು ತೋರಿಸಲು ಖಾಲಿ ಡೆಮೊ ಸಾಧನ, ಒಂದು ಕುರ್ಚಿ, ಸ್ವಲ್ಪ ಮರೆ ಬೇಕು. ಮರೆ ಎಂದೆ, ನಮ್ಮ ಅಂಗಡಿಗಳಲ್ಲಿ ಅದೇ ಇಲ್ಲ. ಅಸುರಕ್ಷಿತ ಸಂಪರ್ಕದ ಬಳಿಕ 72 ಗಂಟೆಯೊಳಗೆ ನುಂಗಬೇಕಾದ ಮಾತ್ರೆ ಕೇಳಲು ಬಂದ ಹುಡುಗಿ ಹಿಂದೆ ನಾಲ್ಕು ಜನ ನಿಂತಿದ್ದರೆ ಯಾವ ಪ್ರಶ್ನೆ ಕೇಳಿಯಾಳು?

ಓದಿನಲ್ಲೂ ಬದಲಾವಣೆ ಆಗಿದೆ. ಅಂಗಡಿಗಳಲ್ಲಿ ಇರುವ ಬಹುಪಾಲು ಮಂದಿ ಎರಡು ವರ್ಷದ ಡಿ.ಫಾರ್ಮ್ ಡಿಪ್ಲೊಮಾ ಓದಿದವರು. ಆ ಕೋರ್ಸಿನ 2020ರ ಹೊಸ ನಿಯಮಾವಳಿಯಲ್ಲಿ ಸಮುದಾಯ ಫಾರ್ಮಸಿ, ಔಷಧ ಚಿಕಿತ್ಸಾಶಾಸ್ತ್ರ ಸೇರಿವೆ. ಹಳೆಯ ಪಠ್ಯ ಓದಿ ಇಪ್ಪತ್ತು ವರ್ಷದಿಂದ ಕೌಂಟರ್‌ನಲ್ಲಿರುವವರನ್ನು ತಲುಪುವುದು ಕಷ್ಟದ ಕೆಲಸ.

ಅತ್ತ ಫಾರ್ಮ್.ಡಿ ಮುಗಿಸಿದವರ ಕಥೆ ಇನ್ನೊಂದು. ಸರ್ಕಾರಿ ಆಸ್ಪತ್ರೆಗಳಲ್ಲಿ ಅವರಿಗೆಂದು ಹುದ್ದೆಗಳು ಹೆಚ್ಚುಕಡಿಮೆ ಇಲ್ಲ. ಖಾಸಗಿ ಆಸ್ಪತ್ರೆಗಳಲ್ಲಿ ಸಂಬಳ ಕಡಿಮೆ. ಹಾಗಾಗಿ ದೊಡ್ಡ ಸಂಖ್ಯೆಯಲ್ಲಿ ಬೆಂಗಳೂರಿನ ಫಾರ್ಮಕೋವಿಜಿಲೆನ್ಸ್ (ಔಷಧಗಳ ಅಡ್ಡಪರಿಣಾಮದ ಮೇಲೆ ನಿಗಾ ಇಡುವ) ಕಂಪನಿಗಳಿಗೆ ಸೇರುತ್ತಾರೆ. ಅಮೆರಿಕದಲ್ಲೋ ಜರ್ಮನಿಯಲ್ಲೋ ಯಾರಿಗೋ ಮಾತ್ರೆ ನುಂಗಿ ಮೈಮೇಲೆ ದದ್ದೆದ್ದರೆ ಆ ವರದಿ ಓದಿ, ಕೋಡ್ ಹಾಕಿ, ಗಡುವಿನೊಳಗೆ ಕಳಿಸುವುದು ಕೆಲಸ. ಒಳ್ಳೆಯ ಸಂಬಳ, ಅಚ್ಚುಕಟ್ಟು ಕೆಲಸ. ಇದೇ ಹುಡುಗ ಹುಡುಗಿಯರ ಊರಿನ ತಾಲ್ಲೂಕು ಆಸ್ಪತ್ರೆಯಲ್ಲಿ ಅದೇ ದದ್ದು ಕಂಡರೆ ವರದಿ ಬರೆಯುವವರು ಅಪರೂಪ. ಭಾರತದಲ್ಲಿ ಇದಕ್ಕೆಂದು 2010ರಿಂದ ರಾಷ್ಟ್ರೀಯ ಕಾರ್ಯಕ್ರಮವಿದೆ, ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಅದನ್ನು ನಡೆಸುತ್ತದೆ. ಫಾರ್ಮಸಿಸ್ಟರಷ್ಟೇ ಅಲ್ಲ, ರೋಗಿಯೂ ನೇರವಾಗಿ ತಿಳಿಸಬಹುದು; ರೋಗಿಗಳು ತುಂಬುವ ಫಾರಂ ಕನ್ನಡದಲ್ಲೂ ಇದೆ, ಸಹಾಯವಾಣಿ 1800-180-3024.